ಆಡಿನ ಕಾಲು ಮತ್ತು ನನ್ನ ಉದಾಹರಣೆ

ಹುನಗುಂದ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ‘ಅಂಗಾಂಶಗಳು’ ಪಾಠ ಮಾಡುತ್ತಿದ್ದೆ. ಆಸಕ್ತಿ ಹುಟ್ಟಲೆಂದು, ಮಜ್ಜೆಯ ಆಕರಕೋಶಗಳನ್ನು ಬೆಳೆಸಿ ಮುರಿದ ಜಾಗಕ್ಕೆ ಹಾಕಿದರೆ ಪ್ರಾಣಿಗಳ ಎಲುಬು ಕೂಡುತ್ತದೆ ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗ ಎದ್ದ. “ಸರ, ನಮ್ಮ ಆಡಿನ ಕಾಲ ಮುರದೈತ್ರಿ. ಆ ಇಂಜೆಕ್ಷನ್ ಇಳಕಲ್ಲಿನ್ಯಾಗ ಸಿಗತೈತೇನ್ರಿ?”

ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಮರುದಿನ ಹಲಗೆಯ ಮೇಲೆ ಚಿತ್ರ ಬರೆದೆ. ಎಲುಬು ಮುರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎಲುಬಿನ ಹೊರಪೊರೆ ಮತ್ತು ಮಜ್ಜೆಯ ಆಕರಕೋಶಗಳು ಸೇರಿ ಮೊದಲು ಮೃದ್ವಸ್ಥಿ, ಆಮೇಲೆ ಗಟ್ಟಿ ಎಲುಬು ಕಟ್ಟುತ್ತವೆ. ಮಜ್ಜೆಯ ಕೋಶಗಳ ಈ ಶಕ್ತಿಯನ್ನು ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮತ್ತು ಸಂಗಡಿಗರು 1960ರ ದಶಕದಲ್ಲೇ ಪ್ರಾಣಿಗಳಲ್ಲಿ ತೋರಿಸಿದ್ದರು. ಹೊರಗಿನಿಂದ ಕೋಶ ಹಾಕುವ ಚಿಕಿತ್ಸೆ ತಾನಾಗಿ ಕೂಡದ ಮುರಿತಗಳಿಗಾಗಿ. ಅದೂ ಬಹುಪಾಲು ಪ್ರಯೋಗದ ಹಂತದಲ್ಲಿದೆ. ನಿನ್ನೆ ಇಷ್ಟನ್ನು ನಾನು ಹೇಳಿರಲಿಲ್ಲ.

“ನಮ್ಮಪ್ಪ ಬಿದಿರ ದಬ್ಬಿ ಕಟ್ಟ್ಯಾರ್ರಿ” ಎಂದ ಹುಡುಗ. ಮುರಿತದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗಬಾರದು, ಬಿಗಿ ಹೆಚ್ಚಾದರೆ ರಕ್ತ ಹರಿಯದು ಎಂದೆ. ಪಾದ ಮುಟ್ಟಿ ನೋಡಿದ್ದೀಯಾ?

“ತಣ್ಣಗೈತ್ರಿ.”

ಪಾಠ ಅಲ್ಲಿಗೇ ನಿಲ್ಲಿಸಿ, ಅಪ್ಪನಿಗೆ ಹೇಳಿ ಈಗಲೇ ಪಶು ಆಸ್ಪತ್ರೆಗೆ ಒಯ್ಯಲು ಅವನನ್ನು ಮನೆಗೆ ಕಳಿಸಿದೆವು.