ಕಡಿಮೆ ಕಾರ್ಬೋಹೈಡ್ರೇಟ್ ಆಹಾರ ಪದ್ಧತಿ: ಮುಖ್ಯಾಂಶಗಳು

ಮೂಲಾಂಶಗಳು
- ಕಾರ್ಬೋಹೈಡ್ರೇಟ್‌ನ ಘಟಕ ಧಾತುಗಳು: ಇಂಗಾಲ, ಜಲಜನಕ, ಆಮ್ಲಜನಕ
- 1 ಗ್ರಾಂನಿಂದ ಲಭ್ಯ ಶಕ್ತಿ (ಕಿಲೋಕ್ಯಾಲೊರಿ): ಕಾರ್ಬೋಹೈಡ್ರೇಟ್ 4, ಪ್ರೋಟೀನ್ 4, ಕೊಬ್ಬು 9, ಮದ್ಯಸಾರ 7
- ದೇಹದಲ್ಲಿನ ಸಂಗ್ರಹ ರೂಪ: ಗ್ಲೈಕೋಜನ್, ಸ್ಥಾನ: ಯಕೃತ್ತು, ಸ್ನಾಯುಗಳು
- 1 ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು. ಮೊದಲ ವಾರದ ತೂಕ ಇಳಿಕೆಯಲ್ಲಿ ನೀರಿನದೇ ದೊಡ್ಡ ಪಾಲು
- ಕೀಟೋನ್ ಕಾಯಗಳು 3: ಅಸಿಟೋಅಸಿಟೇಟ್, ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್, ಅಸಿಟೋನ್, ಉತ್ಪತ್ತಿ ಸ್ಥಾನ: ಯಕೃತ್ತು

ವರ್ಗೀಕರಣ (ದಿನಕ್ಕೆ, 2,000 ಕಿಲೋಕ್ಯಾಲೊರಿ ಆಧಾರ)
- ಅತಿ ಕಡಿಮೆ (ಕೀಟೋಜೆನಿಕ್): 20–50 ಗ್ರಾಂ, ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ
- ಕಡಿಮೆ: 130 ಗ್ರಾಂಗಿಂತ ಕಡಿಮೆ, ಶೇ 26ಕ್ಕಿಂತ ಕಡಿಮೆ
- ಮಧ್ಯಮ: ಶೇ 26–45
- ಭಾರತೀಯ ವಯಸ್ಕರಿಗೆ ಶಿಫಾರಸು ಪ್ರಮಾಣ (ಐಸಿಎಂಆರ್-ಎನ್‌ಐಎನ್: ರಾಷ್ಟ್ರೀಯ ಪೋಷಣಾ ಸಂಸ್ಥೆ, 2020): ದಿನಕ್ಕೆ 130 ಗ್ರಾಂ, ಅಂದಾಜು ಸರಾಸರಿ ಅಗತ್ಯ 100 ಗ್ರಾಂ

ಕಾಲಾನುಕ್ರಮ
- 1797: ಜಾನ್ ರೋಲೊ, ಸ್ಕಾಟ್ಲೆಂಡ್ ಮೂಲದ ಸೇನಾ ವೈದ್ಯ, ಮಧುಮೇಹಕ್ಕೆ ಮಾಂಸಪ್ರಧಾನ ಆಹಾರ ಚಿಕಿತ್ಸೆಯ ವರದಿ
- 1863: ವಿಲಿಯಂ ಬ್ಯಾಂಟಿಂಗ್, ಲಂಡನ್; ಸ್ಥೂಲಕಾಯ ಕುರಿತ ಕಿರುಹೊತ್ತಗೆ; ಸಲಹೆ ನೀಡಿದ ವೈದ್ಯ ವಿಲಿಯಂ ಹಾರ್ವೆ
- 1921: ರಸೆಲ್ ವೈಲ್ಡರ್, ಮೇಯೊ ಕ್ಲಿನಿಕ್, ಅಪಸ್ಮಾರ ಚಿಕಿತ್ಸೆಗೆ ಕೀಟೋಜೆನಿಕ್ ಆಹಾರ
- 1972: ರಾಬರ್ಟ್ ಆಟ್ಕಿನ್ಸ್, ಅಮೆರಿಕ, ಆಟ್ಕಿನ್ಸ್ ಪದ್ಧತಿಯ ಗ್ರಂಥ
- 1981: ಡೇವಿಡ್ ಜೆಂಕಿನ್ಸ್, ಟೊರಾಂಟೊ ವಿಶ್ವವಿದ್ಯಾಲಯ; ಗ್ಲೈಸೆಮಿಕ್ ಸೂಚ್ಯಂಕ (ಗ್ಲೂಕೋಸ್ = 100; 55 ಮತ್ತು ಕೆಳಗೆ ಕಡಿಮೆ, 56–69 ಮಧ್ಯಮ, 70 ಮತ್ತು ಮೇಲೆ ಅಧಿಕ)

ಪ್ರಮುಖ ಅಧ್ಯಯನಗಳು
- 2008, ಡೈರೆಕ್ಟ್, ಇಸ್ರೇಲ್: 322 ಮಂದಿ, 2 ವರ್ಷ, ಸರಾಸರಿ ತೂಕ ಇಳಿಕೆ: ಕಡಿಮೆ ಕಾರ್ಬೋಹೈಡ್ರೇಟ್ 4.7, ಮೆಡಿಟರೇನಿಯನ್ 4.4, ಕಡಿಮೆ ಕೊಬ್ಬು 2.9 ಕೆ.ಜಿ.
- 2018, ಡಯಟ್‌ಫಿಟ್ಸ್, ಸ್ಟ್ಯಾನ್‌ಫರ್ಡ್: 609 ಮಂದಿ, 12 ತಿಂಗಳು, ಕಡಿಮೆ ಕಾರ್ಬೋಹೈಡ್ರೇಟ್ 6.0, ಕಡಿಮೆ ಕೊಬ್ಬು 5.3 ಕೆ.ಜಿ.; ಗಣನೀಯ ವ್ಯತ್ಯಾಸವಿಲ್ಲ
- 2018, ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್, ಅಮೆರಿಕ: 15,428 ಮಂದಿ, ಕನಿಷ್ಠ ಮರಣ ಅಪಾಯ ಕಾರ್ಬೋಹೈಡ್ರೇಟ್ ಪಾಲು ಒಟ್ಟು ಶಕ್ತಿಯ ಶೇ 50–55 ಇದ್ದಾಗ, ಶೇ 40ಕ್ಕಿಂತ ಕಡಿಮೆ, ಶೇ 70ಕ್ಕಿಂತ ಹೆಚ್ಚು ಎರಡರಲ್ಲೂ ಅಪಾಯ ಅಧಿಕ, ಬದಲಿಯಾಗಿ ಸಸ್ಯಮೂಲ ಪ್ರೋಟೀನ್, ಕೊಬ್ಬು ಇದ್ದಲ್ಲಿ ಅಪಾಯ ಇಳಿಕೆ

ಭಾರತ
- ಐಸಿಎಂಆರ್-ಇಂಡಿಯಾಬ್ (2023): ಮಧುಮೇಹಿಗಳು 10.1 ಕೋಟಿ (ಶೇ 11.4), ಪೂರ್ವ-ಮಧುಮೇಹ 13.6 ಕೋಟಿ (ಶೇ 15.3), ಮಧುಮೇಹ ಗರಿಷ್ಠ ಗೋವಾ (ಶೇ 26.4), ಕನಿಷ್ಠ ಉತ್ತರ ಪ್ರದೇಶ (ಶೇ 4.8)
- ಇದೇ ಅಧ್ಯಯನ (2022): ಹೊಸ ಮಧುಮೇಹಿಗಳಲ್ಲಿ ರೋಗ ಶಮನಕ್ಕೆ ಸೂಚಿತ ಅನುಪಾತ: ಕಾರ್ಬೋಹೈಡ್ರೇಟ್ ಶೇ 49–54, ಪ್ರೋಟೀನ್ ಶೇ 19–20, ಕೊಬ್ಬು ಶೇ 21–26
- ಎನ್‌ಐಎನ್ ಆಹಾರ ಮಾರ್ಗಸೂಚಿ (ಮೇ 2024): 17 ಸೂತ್ರಗಳು, ಧಾನ್ಯಗಳಿಂದ ಶಕ್ತಿ ಗರಿಷ್ಠ ಶೇ 45, ಅನಾರೋಗ್ಯಕರ ಆಹಾರದಿಂದ ರೋಗ ಹೊರೆ ಶೇ 56.4
- ಎನ್‌ಐಎನ್: ಸ್ಥಾಪನೆ 1918, ಕೂನೂರು (ರಾಬರ್ಟ್ ಮೆಕ್‌ಕ್ಯಾರಿಸನ್), ಹೈದರಾಬಾದಿಗೆ ಸ್ಥಳಾಂತರ 1958, ಈಗಿನ ಹೆಸರು 1969

ಧಾನ್ಯ ಹೋಲಿಕೆ (100 ಗ್ರಾಂ, ಹಸಿ ಧಾನ್ಯ, ಭಾರತೀಯ ಆಹಾರ ಸಂಯೋಜನೆ ಕೋಷ್ಟಕ, 2017)
- ಅಕ್ಕಿ (ಪಾಲಿಶ್): ಕಾರ್ಬೋಹೈಡ್ರೇಟ್ 78.2, ನಾರು 2.8 ಗ್ರಾಂ
- ಜೋಳ: 67.7, ನಾರು 10.2 ಗ್ರಾಂ
- ರಾಗಿ: 66.8, ನಾರು 11.2 ಗ್ರಾಂ, ಕ್ಯಾಲ್ಸಿಯಂ 364 ಮಿ.ಗ್ರಾಂ

ವಿವೇಕಯುತ ಅನುಸರಣೆ
- ತಟ್ಟೆಯ ಅನುಪಾತ: ಅರ್ಧ ಸೊಪ್ಪು-ತರಕಾರಿ, ಕಾಲು ಪ್ರೋಟೀನ್, ಕಾಲು ಧಾನ್ಯ
- ಒಂದು ಊಟಕ್ಕೆ ಒಂದೇ ಧಾನ್ಯ: ಮುದ್ದೆ, ರೊಟ್ಟಿ, ಅನ್ನ ಇವುಗಳಲ್ಲಿ ಒಂದು
- ಮೊದಲು ಕಡಿತ: ಸಕ್ಕರೆ, ಮೈದಾ, ತಂಪು ಪಾನೀಯ, ಬೇಕರಿ ತಿನಿಸು
- ಕಡಿಮೆ ಪಿಷ್ಟದ ತರಕಾರಿ: ಹೀರೆ, ಪಡವಲ, ಸೋರೆ, ಹಾಗಲ, ಬೆಂಡೆ, ಅಧಿಕ ಪಿಷ್ಟ: ಆಲೂಗಡ್ಡೆ, ಗೆಣಸು, ಮರಗೆಣಸು
- ಪ್ರೋಟೀನ್ ಮೂಲಗಳು: ಹುರುಳಿ, ಹೆಸರುಕಾಳು, ಅವರೆ, ಶೇಂಗಾ, ಮೊಟ್ಟೆ, ಮೀನು, ಪನೀರ್
- ಡಬ್ಲ್ಯುಎಚ್‌ಒ ಮಿತಿ: ಮುಕ್ತ ಸಕ್ಕರೆ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ, ಪರ್ಯಾಪ್ತ ಕೊಬ್ಬು ಗರಿಷ್ಠ ಶೇ 10, ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ನಾರು ಕನಿಷ್ಠ 25 ಗ್ರಾಂ

ಎಚ್ಚರಿಕೆ
- ಇನ್ಸುಲಿನ್, ಸಲ್ಫೊನಿಲ್‌ಯೂರಿಯಾ ಬಳಕೆದಾರರು: ರಕ್ತದ ಗ್ಲೂಕೋಸ್ 70 ಮಿ.ಗ್ರಾಂ/ಡೆ.ಲೀ.ಗಿಂತ ಕುಸಿಯುವ ಅಪಾಯ. ಆಹಾರ ಬದಲಾವಣೆಗೆ ಮೊದಲೇ ವೈದ್ಯರಿಂದ ಔಷಧ ಪ್ರಮಾಣದ ಮರುಪರಿಶೀಲನೆ
- ಎಸ್‌ಜಿಎಲ್‌ಟಿ-2 ಪ್ರತಿಬಂಧಕ ಬಳಕೆದಾರರು: ಕೀಟೋಅಸಿಡೋಸಿಸ್ ಅಪಾಯ
- ಸ್ವಯಂ ಪ್ರಯೋಗ ಸಲ್ಲದವರು: ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡ ರೋಗಿಗಳು, ಟೈಪ್-1 ಮಧುಮೇಹಿಗಳು

ಗೊಂದಲ ನಿವಾರಣೆ
- ವಿಲಿಯಂ ಬ್ಯಾಂಟಿಂಗ್: ಆಹಾರ ಪದ್ಧತಿ; ಫ್ರೆಡರಿಕ್ ಬ್ಯಾಂಟಿಂಗ್: ಇನ್ಸುಲಿನ್ (1921), ನೊಬೆಲ್ (1923), ಜನ್ಮದಿನ ನವೆಂಬರ್ 14 = ವಿಶ್ವ ಮಧುಮೇಹ ದಿನ
- ಕೀಟೋಸಿಸ್: ಉಪವಾಸ ಅಥವಾ ಆಹಾರದಿಂದಾಗುವ ಚಯಾಪಚಯ ಸ್ಥಿತಿ, ಕೀಟೋಅಸಿಡೋಸಿಸ್: ತುರ್ತು ಚಿಕಿತ್ಸೆಯ ಸ್ಥಿತಿ
- ಬೆಲ್ಲ, ಜೇನುತುಪ್ಪ: ಸಕ್ಕರೆಗೆ ಪರ್ಯಾಯವಲ್ಲ
- ರಾಗಿ, ಜೋಳ: ಅಧಿಕ ನಾರಿನ ಧಾನ್ಯಗಳು, ಕಡಿಮೆ ಕಾರ್ಬೋಹೈಡ್ರೇಟ್ ಧಾನ್ಯಗಳಲ್ಲ, ಪ್ರಮಾಣದ ಮಿತಿ ಇವಕ್ಕೂ ಅನ್ವಯ