ಚೀನಾದ ವಸಂತ: ಛಿಂಗ್‌ಮಿಂಗ್ ಹಬ್ಬ

ಹೆಸರಲ್ಲೇ ವಸಂತವಿದ್ದರೂ ಚೀನಾದ ವಸಂತೋತ್ಸವ, ಅಂದರೆ ಚಾಂದ್ರಮಾನ ಹೊಸ ವರ್ಷ, ಜನವರಿ 21ರಿಂದ ಫೆಬ್ರವರಿ 20ರ ನಡುವಿನ ಚಳಿಯಲ್ಲೇ ಬರುತ್ತದೆ. ಊರಿಗೆ ಹೊರಟವರಿಂದ ರೈಲುಗಳು ತುಂಬಿ ತುಳುಕುತ್ತವೆ. ಪ್ರವಾಸಿಗೆ ನಿಜವಾದ ವಸಂತ ಸಿಗುವುದು ಏಪ್ರಿಲ್ 4ರಿಂದ 6ರೊಳಗೆ ಬರುವ ಛಿಂಗ್‌ಮಿಂಗ್‌ನಲ್ಲಿ. ಇದು ಸೂರ್ಯನ ಚಲನೆಯಂತೆ ವರ್ಷವನ್ನು ವಿಂಗಡಿಸುವ 24 ಸೌರ ಘಟ್ಟಗಳಲ್ಲಿ ಐದನೆಯದು. ಚೀನಾದ ಹಬ್ಬಗಳೆಲ್ಲ ಚಾಂದ್ರಮಾನದವೆಂದು ಭಾವಿಸುವವರು ಎಡವುವುದು ಇಲ್ಲೇ. ಪಿತೃಗಳ ಸಮಾಧಿ ಗುಡಿಸುವ ಈ ದಿನ ಹೊರಗಿನವರಿಗೇನು ಕೆಲಸ ಎನ್ನಬಹುದು. ಸಮಾಧಿಗಳಿಂದ ದೂರವಿರಬೇಕು, ನಿಜ. ಆದರೆ ಹಸಿರಲ್ಲಿ ಅಡ್ಡಾಡುವುದು, ಗಾಳಿಪಟ ಹಾರಿಸುವುದು ಕೂಡ ಅದೇ ಹಬ್ಬದ ಹಳೆಯ ರೂಢಿ. ಶಾಂಘೈ ಸುತ್ತಮುತ್ತ ಎಲೆರಸ ಬೆರೆಸಿದ ಅಂಟಕ್ಕಿ ಹಿಟ್ಟಿನೊಳಗೆ ಸಿಹಿ ಹೂರಣ ತುಂಬಿ, ಹಬೆಯಲ್ಲಿ ಬೇಯಿಸಿದ ‘ಛಿಂಗ್‌ತ್ವಾನ್’ ಎಂಬ ಹಸಿರು ಉಂಡೆ ಮಾರುತ್ತಾರೆ. 2008ರಿಂದ ಛಿಂಗ್‌ಮಿಂಗ್ ಸಾರ್ವಜನಿಕ ರಜೆ. ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೌರ ಘಟ್ಟಗಳು 2016ರಲ್ಲಿ, ವಸಂತೋತ್ಸವ 2024ರಲ್ಲಿ ಸೇರಿದವು.