ಮನಸ್ಸಿನ ಆರೈಕೆ

ಕಬಡ್ಡಿ ಆಡುವಾಗ ಮೊಣಕಾಲು ತರಚಿಕೊಂಡ ಹುಡುಗನು ಮನೆಗೆ ಬಂದು ಗಾಯವನ್ನು ತೋರಿಸುತ್ತಾನೆ. ತಾಯಿ ಅದನ್ನು ತೊಳೆದು ಔಷಧಿ ಹಚ್ಚುತ್ತಾಳೆ; ಅಜ್ಜಿ ನಾಲ್ಕು ಮಾತು ಗದರಿಸುತ್ತಾಳೆ. ಅದೇ ಹುಡುಗನು ಗಣಿತ ಪರೀಕ್ಷೆಯ ಭಯದಿಂದ ಮೂರು ರಾತ್ರಿ ನಿದ್ರೆಯಿಲ್ಲದೆ ಹೊರಳಾಡಿದರೂ ಯಾರೊಡನೆಯೂ ಹೇಳುವುದಿಲ್ಲ. ಹೇಳಿದರೆ ನಗುವರೆಂಬ ಅಂಜಿಕೆ. ದೇಹದ ನೋವಿಗೆ ಇರುವ ಮರ್ಯಾದೆ ಮನಸ್ಸಿನ ನೋವಿಗೆ ನಮ್ಮಲ್ಲಿ ಇನ್ನೂ ದೊರೆತಿಲ್ಲ.

ಆದರೆ ಇವೆರಡೂ ಬೇರೆ ಬೇರೆಯಾಗಿ ಬಾಳುವಂಥವಲ್ಲ. ಭಯವುಂಟಾದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಅಂಗೈ ಬೆವರುತ್ತದೆ. ಕಾಡುಮೃಗವನ್ನು ಕಂಡ ಆದಿಮಾನವನಿಗೆ ಓಡಲು ಇಲ್ಲವೆ ಹೋರಾಡಲು ಈ ಏರ್ಪಾಡು ನೆರವಾಗಿರಬೇಕು. ಪ್ರಶ್ನೆಪತ್ರಿಕೆಯ ಮುಂದೆ ಕುಳಿತ ವಿದ್ಯಾರ್ಥಿಯಾದರೋ ಓಡುವಂತಿಲ್ಲ! ಆದರೂ ಇದು ಹೇಡಿತನದ ಗುರುತಲ್ಲ, ರೋಗವೂ ಅಲ್ಲ; ಅಲ್ಪಸ್ವಲ್ಪ ಆತಂಕವು ಮೈಮರೆತವನನ್ನು ಎಚ್ಚರಿಸಿ ಓದಲು ಕೂರಿಸುತ್ತದೆ. ಆತಂಕ ಮಿತಿಮೀರಿದಾಗ ಉಸಿರನ್ನು ಮೆಲ್ಲಗೆ ಒಳಗೆಳೆದು, ಅದಕ್ಕಿಂತಲೂ ನಿಧಾನವಾಗಿ ಹೊರಬಿಡುತ್ತ ಐದು ನಿಮಿಷ ಕುಳಿತು ನೋಡಿರಿ. ಎದೆಬಡಿತ ತಗ್ಗುವುದು ನಾಡಿ ಹಿಡಿದರೆ ನಿಮಗೇ ತಿಳಿಯುತ್ತದೆ.

ನಿತ್ಯದ ಆರೈಕೆಯಲ್ಲಿ ನಿದ್ರೆಗೆ ಮೊದಲ ಸ್ಥಾನ. ನಿಮ್ಮ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯೂರಲು ನಿದ್ರೆಯು ನೆರವಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಓದುವವನು, ಬಾಯಿ ಕಟ್ಟದ ಚೀಲದಲ್ಲಿ ಕಾಳು ಹೊತ್ತವನಂತೆ, ದಾರಿಯಲ್ಲಿಯೇ ಬಹುಪಾಲನ್ನು ಚೆಲ್ಲಿಕೊಳ್ಳುತ್ತಾನೆ. ಮೊಬೈಲನ್ನು ಹಾಸಿಗೆಯವರೆಗೂ ಒಯ್ಯುವವರ ಪಾಡೂ ಇದೇ. ಸಂಜೆಯ ಆಟ, ಮನೆಯವರೊಡನೆ ಕುಳಿತು ಮಾಡುವ ಊಟ ಇವೂ ಮನಸ್ಸಿಗೆ ಹಿತಕರ.

ಎಲ್ಲ ದುಗುಡವೂ ಆಟದಿಂದ, ನಿದ್ರೆಯಿಂದ ಕರಗಿಬಿಡುವುದಿಲ್ಲ. ಬೇಸರವು ಎರಡು ವಾರ ಕಳೆದರೂ ಬಿಡದಿದ್ದರೆ, ಇಷ್ಟವಾದ ಆಟವೂ ಊಟವೂ ರುಚಿಸದಿದ್ದರೆ ನಂಬಿಕೆಯ ಹಿರಿಯರಿಗೆ ತಿಳಿಸಬೇಕು. ಬದುಕೇ ಬೇಡವೆನ್ನಿಸಿದರಂತೂ ಆ ಕ್ಷಣವೇ ತಿಳಿಸಬೇಕು. ಇಂಥವರಿಗೆ “ಧೈರ್ಯ ತಂದುಕೋ” ಎಂದಷ್ಟೇ ಹೇಳುವುದು, ಜ್ವರ ಬಂದವನಿಗೆ “ಮೈ ಬಿಸಿ ಮಾಡಿಕೊಳ್ಳಬೇಡ” ಎಂದಂತೆ. ವೈದ್ಯರ ನೆರವು ಬೇಕಾಗಬಹುದು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಮನೋರೋಗಿಗಳನ್ನು ಊರಾಚೆಯ ಕಟ್ಟಡಗಳಲ್ಲಿ ಕೂಡಿಹಾಕುತ್ತಿದ್ದ ಕಾಲವೊಂದಿತ್ತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡಿತು. 1980ರ ದಶಕದಲ್ಲಿ ಅಲ್ಲಿಯ ತಜ್ಞರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತರು. ಮನಸ್ಸಿನ ಕಾಯಿಲೆಗೆ ಹಳ್ಳಿಯ ಸಮೀಪದಲ್ಲಿಯೇ ಚಿಕಿತ್ಸೆ ಕೊಡಬಹುದೆಂಬುದು ಅದರಿಂದ ತಿಳಿದುಬಂದಿತು. ಮುಂದೆ ದೇಶದ ಇತರ ಜಿಲ್ಲೆಗಳಿಗೂ ಅದೇ ಮಾದರಿಯಾಯಿತು. 2022ರಲ್ಲಿ ಟೆಲಿ ಮಾನಸ್ ಸೇವೆ ಆರಂಭವಾದ ಮೇಲೆ ದೂರವಾಣಿಯಲ್ಲಿಯೂ ನೆರವು ದೊರೆಯುತ್ತಿದೆ. 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಏನು ಹೇಳಬೇಕೆಂದು ತೋಚದಿದ್ದರೆ “ಮೂರು ದಿನದಿಂದ ನಿದ್ರೆ ಬರುತ್ತಿಲ್ಲ” ಎಂಬ ಒಂದೇ ವಾಕ್ಯದಿಂದ ಆರಂಭಿಸಿದರೂ ಸಾಕು.